ಮ್ಯಾಪಿನಲ್ಲಿ ಯಾವಾಗಲೂ ಸಾಯಂಕಾಲ

ನನ್ನ ಮೊಮ್ಮಗಳು ಒಂದು ದಿನ ನನ್ನ ಡಿಕಾಕ್ಷನ್ನನ್ನೆಲ್ಲ ಕಾಗದದ ಮೇಲೆ ಸುರಿದುಬಿಟ್ಟಳು. ಬೆಳಿಗ್ಗೆ ಎದ್ದು ಫಿಲ್ಟರಿಗೆ ಪುಡಿ ಹಾಕಿ, ಕುದಿನೀರು ಹೊಯ್ದು, ಅದು ತೊಟ್ಟು ತೊಟ್ಟಾಗಿ ಇಳಿಯುವ ತನಕ ಯಾರ ಜೊತೆಗೂ ಮಾತಾಡದ ಹೆಂಗಸು ನಾನು. ಪೂಜೆ ಮುಗಿಸಿ ಬಂದು ನೋಡುತ್ತೇನೆ, ನಡುಮನೆಯ ನೆಲದ ಮೇಲೆ ದೊಡ್ಡ ದೊಡ್ಡ ಚಾರ್ಟುಗಳನ್ನು ಹಿಂದಿನಿಂದ ಟೇಪು ಹಚ್ಚಿ ಜೋಡಿಸಿ ಹಾಸಿದ್ದಾಳೆ. ಅದರ ನಡುವೆ ನನ್ನ ಡಿಕಾಕ್ಷನ್ ಕೆರೆಯಾಗಿ ನಿಂತಿದೆ. ಈಕೆ ಹತ್ತಿಯ ಉಂಡೆಯಿಂದ ಅದನ್ನು ಮೂಲೆ ಮೂಲೆಗೂ ಬಳಿಯುತ್ತಿದ್ದಾಳೆ.

"ಅಯ್ಯೋ ನಿನ್ನ! ಏನೇ ಇದು?"

"ಹಳೇ ಮ್ಯಾಪ್ ಥರ ಕಾಣ್ಬೇಕು ಅಜ್ಜಿ. ವಿಡಿಯೋದಲ್ಲಿ ಟೀ ಹಾಕ್ತಾರೆ. ನಮ್ಮನೇಲಿ ಟೀ ಇಲ್ವಲ್ಲ."

"ಯಾವ ಊರಿನ ಮ್ಯಾಪು, ನನ್ನ ಕಾಫಿ ಕುಡಿಯೋದು?"

"ಯಾವ ಊರೂ ಅಲ್ಲ. ನಾನೇ ಮಾಡ್ತಿರೋ ದೇಶ."

ಬೈಯಬೇಕೆಂದು ಬಾಯಿ ತೆರೆದವಳು ಸುಮ್ಮನಾದೆ. ಏಕೆಂದರೆ ನಮ್ಮ ಮನೆಗೆ ಬಂದ ಮೇಲೆ ಅವಳು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ನಮ್ಮ ಮನೆ ಜೀವನ್‌ಬಿಮಾನಗರದಲ್ಲಿದೆ. ನಾನೂ ನಮ್ಮವರೂ ವಿಮಾ ಕಚೇರಿಯಲ್ಲಿ ದುಡಿದು ಕಟ್ಟಿಸಿದ್ದು. ಅವರು ಹೋದ ಮೇಲೆ ಒಬ್ಬಳೇ ಇದ್ದೆ, ಹಾಯಾಗಿಯೇ ಇದ್ದೆ. ಆಮೇಲೆ ಒಂದು ದಿನ ಮಗಳು ಸೂಟ್‌ಕೇಸುಗಳ ಸಮೇತ ಆಟೋದಿಂದ ಇಳಿದಳು, ಹಿಂದೆಯೇ ಈ ಹುಡುಗಿ. ಅಳಿಯನಿಗೂ ಮಗಳಿಗೂ ಹೊಂದಿಬರಲಿಲ್ಲ. ಹೊಡೆತ ಬಡಿತ ಏನಿಲ್ಲ, ಕುಡಿತ ಇಲ್ಲ. "ಅವರು ಕೆಟ್ಟೋರಲ್ಲಮ್ಮ, ನಮ್ಮಿಬ್ರಿಗೂ ಆಗ್ಲಿಲ್ಲ ಅಷ್ಟೇ" ಎಂದು ಮಗಳು ಎಷ್ಟು ಸಲ ಹೇಳಿದರೂ ನನ್ನ ಮೈ ಉರಿಯುವುದು ನಿಲ್ಲಲಿಲ್ಲ. ಆಟೋದಿಂದ ಇಳಿಯುವಾಗ ಅವಳ ಮುಖ ಹೇಗಿತ್ತೆಂದು ನೋಡಿದವಳು ನಾನು. ಅವನು ಕೆ.ಆರ್. ಪುರದ ತೂಗುಸೇತುವೆಯ ಆಚೆ ಒಂದು ಬಾಡಿಗೆ ಮನೆ ಹಿಡಿದ. ಭಾನುವಾರ ಭಾನುವಾರ ಬಂದು ಮಗುವನ್ನು ಕರೆದುಕೊಂಡು ಹೋಗಿ ಸಂಜೆ ಬಿಡುವುದೆಂದು ಅವರಿಬ್ಬರೂ ಮಾತಾಡಿಕೊಂಡರು. ನಾನು ಅದಕ್ಕೊಂದು ಬಾಲ ಸೇರಿಸಿದೆ. ಗೇಟಿನಿಂದಲೇ ಕರೆದುಕೊಂಡು ಹೋಗಬೇಕು, ಗೇಟಿಗೇ ತಂದು ಬಿಡಬೇಕು. ನನ್ನ ಹೊಸ್ತಿಲು ತುಳಿಯಕೂಡದು.

"ಅಮ್ಮ, ನನಗಿಂತ ನಿನಗೇ ಕೋಪ ಜಾಸ್ತಿ" ಎಂದಳು ಮಗಳು.

"ಹೌದು, ಇರಲಿ. ಮನೆಯಲ್ಲಿ ಒಬ್ಬರಿಗಾದರೂ ಇರಬೇಡವಾ?"

ಮದುವೆಯ ಹೊಸತರಲ್ಲಿ ಬಾಗಿಲ ಬಳಿ ಅವನ ದೊಡ್ಡ ಶೂಗಳನ್ನು ಕಂಡರೆ ಸಾಕು, ಅಳಿಯ ಬಂದನೆಂದು ಮೊದಲು ಹಾಲು ಕಾಯಲು ಇಡುತ್ತಿದ್ದೆ. ಈಗ ಅವನು ಅದೇ ಶೂ ಹಾಕಿಕೊಂಡು ಗೇಟಿನ ಹೊರಗೆ ನಿಲ್ಲುತ್ತಿದ್ದ. ನಾನು ಬೆಳಿಗ್ಗೆ ಹಾಕಿದ ರಂಗೋಲಿಯನ್ನು ತುಳಿಯದೆ ಬದಿಗೆ ಸರಿದು ನಿಲ್ಲುತ್ತಿದ್ದ, ಅದೊಂದು ಒಳ್ಳೆಯ ಬುದ್ಧಿ ಇತ್ತು. ಮೊದಲೆಲ್ಲ ಬಾಯ್ತುಂಬ ಅತ್ತೆ ಅತ್ತೆ ಎನ್ನುತ್ತಿದ್ದವನು ಈಗ ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ.

ಕಾಗದ ಒಣಗಿತು. ಒಣಗಿದ ಮೇಲೆ ನೋಡಿದರೆ, ಪರವಾಗಿಲ್ಲ, ನಿಜಕ್ಕೂ ಯಾವುದೋ ಪೆಟ್ಟಿಗೆಯ ತಳದಲ್ಲಿ ಸಿಕ್ಕಿದ ಹಾಗಿತ್ತು. ಬಗ್ಗಿದರೆ ಕಾಫಿಯ ಘಮ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ನಾನೇ ಅವಳಿಗೆ ಸಣ್ಣ ಮೊನೆಯ ಕಪ್ಪು ಪೆನ್ನುಗಳನ್ನು ಕೊಡಿಸಿದೆ. ಅವಳು ಮೊಣಕಾಲೂರಿ ಕೂತು ಒಂದು ಕಡಲತೀರ ಬರೆದಳು, ನಡುವೆ ಒಂದು ಕೋಟೆ, ಕೋಟೆಯ ಪಕ್ಕ ದ್ವೀಪಗಳಿರುವ ಒಂದು ಕೆರೆ. ಹಲಸೂರು ಕೆರೆಯೇ ಅದು. ನಾನು ಹುಟ್ಟಿ ಬೆಳೆದದ್ದು ಅದರ ದಂಡೆಯಲ್ಲಿ, ನನಗೆ ಗುರುತು ಸಿಗುವುದಿಲ್ಲವೇ?

"ಅಜ್ಜಿ, ಕಾಡು ತುಂಬ ದೊಡ್ಡದಿದೆ. ಮರ ಬರೆಯೋಕೆ ನೀನೂ ಬಾ."

ನನಗೆ ಚಿತ್ರ ಬರುವುದಿಲ್ಲ. ಬರುವುದು ರಂಗೋಲಿ. ಚುಕ್ಕಿ ಇಡದೆ ನನ್ನ ಕೈಗೆ ಗೆರೆ ಹೊರಡುವುದಿಲ್ಲ. ಹಾಗಾಗಿ ಕಾಡಿನ ಜಾಗದಲ್ಲಿ ಪೆನ್ಸಿಲಿನಿಂದ ಸಾಲು ಸಾಲಾಗಿ ಚುಕ್ಕಿ ಇಟ್ಟು, ಒಂದೊಂದು ಚುಕ್ಕಿಗೂ ಒಂದೊಂದು ಮರ ನಿಲ್ಲಿಸಿದೆ. ಬೆನ್ನು ನೆಟ್ಟಗೆ ಮಾಡಿಕೊಂಡು ಹೆಮ್ಮೆಯಿಂದ ನೋಡಿದೆ.

"ಅಜ್ಜಿ, ಇದು ಕಾಡಲ್ಲ. ಸ್ಕೂಲ್ ಅಸೆಂಬ್ಲಿ."

"ಏನಾಗಿದೆ? ಎಷ್ಟು ಶಿಸ್ತಾಗಿ ನಿಂತಿವೆ!"

"ಅದೇ ತಪ್ಪು. ಮುಂದಿನ ಮರ ಪೂರ್ತಿ ಬರೀಬೇಕು. ಹಿಂದಿನ ಮರದ್ದು ತಲೆ ಮಾತ್ರ. ಅದರ ಹಿಂದಿಂದು ತಲೇಲಿ ಅರ್ಧ. ಆಗ ಒಳಗೆ ಹೋಗೋಕೆ ಜಾಗ ಇದೆ ಅನ್ಸತ್ತೆ."

ಅವಳ ಮಾತು ನನಗೆ ಅರ್ಥವಾದದ್ದು ಮೆಟ್ರೋದಲ್ಲಿ. ಇಂದಿರಾನಗರದಿಂದ ಹಲಸೂರಿನ ಕಡೆಗೆ ಹೋಗುವಾಗ ರೈಲು ಮರಗಳ ತಲೆಯ ಮೇಲೇ ಹೋಗುತ್ತದಲ್ಲ, ಅವಳು ಗಾಜಿಗೆ ಮೂಗು ಒತ್ತಿ ತೋರಿಸಿದಳು. ಹೌದು. ಹತ್ತಿರದ್ದು ಪೂರ್ತಿ ಮರ, ಅದರ ಹಿಂದೆ ಬರೀ ತಲೆಗಳು, ಆಮೇಲೆ ಹಸಿರು ಹೊಗೆ. ಇಷ್ಟು ವರ್ಷ ಈ ಊರಿನಲ್ಲಿದ್ದು ನಾನು ಅದನ್ನು ಕಂಡೇ ಇರಲಿಲ್ಲ. ಅಂದಿನಿಂದ ನನಗೆ ಒಂದು ಹುಚ್ಚು ಹಿಡಿಯಿತು. ತರಕಾರಿಗೆ ಹೋದರೆ ರಸ್ತೆಯ ಕೊನೆಯ ಅಪಾರ್ಟ್‌ಮೆಂಟುಗಳು ಬೆಟ್ಟಗಳಾಗಿ ಕಾಣುತ್ತಿದ್ದವು. ದೊಡ್ಡನೆಕ್ಕುಂದಿಯ ಕಡೆ ಮೋಡ ಕಟ್ಟಿದರೆ ಅದನ್ನು ಯಾವ ಗೆರೆಯಲ್ಲಿ ಬರೆಯುವುದೆಂದು ಯೋಚಿಸುತ್ತ ಕೊತ್ತಂಬರಿಗೆ ಚೌಕಾಸಿ ಮಾಡುವುದನ್ನೇ ಮರೆಯುತ್ತಿದ್ದೆ.

ಬೆಟ್ಟ ಬರೆಯುವುದನ್ನೂ ಅವಳೇ ಕಲಿಸಿದಳು. ಒಂದು ಡೊಂಕು ಗೆರೆ ಎಡದಿಂದ ಮೇಲಕ್ಕೆ, ಒಂದು ಕೆಳಕ್ಕೆ. ತುದಿಯಿಂದ ನಡುವೆ ಒಂದು ನಡುಗುವ ಗೆರೆ ಇಳಿಸಬೇಕು. ಅದರ ಬಲಗಡೆಗೆಲ್ಲ ಒತ್ತೊತ್ತಾಗಿ ಗೀರುಗಳು, ಅದು ನೆರಳು. ಎಡಗಡೆ ಖಾಲಿ, ಅದು ಬೆಳಕು.

"ಎಲ್ಲ ಬೆಟ್ಟಕ್ಕೂ ನೆರಳು ಒಂದೇ ಕಡೆ?"

"ಹೂಂ. ಮ್ಯಾಪಲ್ಲಿ ಬೆಳಕು ಯಾವಾಗ್ಲೂ ಎಡಗಡೆಯಿಂದ ಬರತ್ತೆ."

ನನಗೆ ತಡೆಯಲಾಗಲಿಲ್ಲ. "ಎಡಗಡೆ ಪಶ್ಚಿಮ ಕಣೆ! ಸೂರ್ಯ ಹುಟ್ಟೋದು ಪೂರ್ವದಲ್ಲಿ ಅಂತ ನಿಮ್ಮ ಸ್ಕೂಲಲ್ಲಿ ಹೇಳ್ಕೊಡಲ್ವಾ?"

ಅವಳು ಪೆನ್ನು ಎತ್ತದೆ ಹೇಳಿದಳು. "ಅದು ಸಾಯಂಕಾಲ ಅಜ್ಜಿ. ಮ್ಯಾಪಲ್ಲಿ ಯಾವಾಗ್ಲೂ ಸಾಯಂಕಾಲ."

ಅವಳಿಗೆ ಆಗ ಹತ್ತು ವರ್ಷ. ಅವಳ ಅಪ್ಪ ಅವಳನ್ನು ಗೇಟಿನ ಬಳಿ ಬಿಟ್ಟು ಹೋಗುತ್ತಿದ್ದುದೂ ಸಾಯಂಕಾಲವೇ.

ಮಧ್ಯಾಹ್ನ ಊಟವಾದ ಮೇಲೆ ಮ್ಯಾಪಿನ ಪಕ್ಕದಲ್ಲೇ ಚಾಪೆ ಹಾಸಿ ಒರಗುತ್ತಿದ್ದೆ. ಫ್ಯಾನಿನ ಗಾಳಿಗೆ ಕಾಗದದ ಅಂಚು ಏಳುವುದು, ಬೀಳುವುದು. ವಿಮಾನ ಕಾರ್ಖಾನೆಯ ಕಡೆಯಿಂದ ಯಾವುದೋ ವಿಮಾನ ಗುಂಯ್ಯೆಂದು ಮೇಲೆ ಹಾದುಹೋಗುವುದು. ಕಣ್ಣು ಅರೆ ಮುಚ್ಚಿದರೆ ಸಾಕು, ನಾನು ಆ ಕಾಡಿನೊಳಗೆ. ಕಾಫಿಯ ಬಣ್ಣದ ಬೆಳಕು, ಮರಗಳ ಹಿಂದೆ ಮರಗಳ ತಲೆಗಳು. ನಡೆಯುತ್ತ ಹೋದರೆ ಕೆರೆ, ದ್ವೀಪದ ತುಂಬ ಬಿಳಿ ಕೊಕ್ಕರೆಗಳು, ಕೆರೆಯ ದಂಡೆಯಲ್ಲಿ ನಮ್ಮ ಹಳೆಯ ಮನೆಯ ಕಲ್ಲಿನ ಮೆಟ್ಟಿಲು. ಅಲ್ಲಿ ನನ್ನ ಅಮ್ಮ ಸೆರಗು ಸಿಕ್ಕಿಸಿಕೊಂಡು ರಂಗೋಲಿ ಹಾಕುತ್ತಿದ್ದಾಳೆ, ನಾನು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದೇನೆ. "ಗೆರೆ ಸೇರಿಸದೆ ಏಳಬೇಡ" ಎನ್ನುತ್ತಾಳೆ ಅಮ್ಮ. "ಗೆರೆ ಎಲ್ಲಿಂದ ಹೊರಟಿತೋ ಅಲ್ಲಿಗೇ ಬಂದು ಸೇರಬೇಕು. ಬಿಟ್ಟರೆ ಬೇಡದ್ದೆಲ್ಲ ಆ ಸಂದಿಯಿಂದ ಮನೆಯೊಳಗೆ ಬರತ್ತೆ." ಎಚ್ಚರವಾದಾಗ ಕೆನ್ನೆಗೆ ಚಾಪೆಯ ಗುರುತು, ಬೆರಳಿಗೆ ಪೆನ್ನಿನ ಮಸಿ. ಇಷ್ಟು ಸುಖವಾಗಿ ನಾನು ಎಷ್ಟೋ ವರ್ಷಗಳಿಂದ ನಿದ್ದೆ ಮಾಡಿರಲಿಲ್ಲ.

ಮ್ಯಾಪಿನ ಬಲ ಅಂಚಿನಲ್ಲಿ, ಅಂದರೆ ಪೂರ್ವದ ಕೊನೆಯಲ್ಲಿ, ಅವಳು ಒಂದು ತೂಗುಸೇತುವೆ ಬರೆದಿದ್ದಳು. ಅದರ ಆಚೆ ಒಂದೇ ಒಂದು ಪುಟ್ಟ ಮನೆ. ಅಲ್ಲಿ ಯಾರಿರುತ್ತಾರೆಂದು ನಾನು ಕೇಳಲಿಲ್ಲ. ಗೊತ್ತಿದ್ದದ್ದನ್ನು ಏಕೆ ಕೇಳುವುದು?

ಒಂದು ಬೆಳಿಗ್ಗೆ ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿ ಹೇಳಿದಳು. "ಅಜ್ಜಿ, ಪೂರ್ವದ ಬೆಟ್ಟ ಇವತ್ತು ನೀನೇ ಬರಿ. ನಂಗಿಂತ ಚೆನ್ನಾಗಿ ಬರೀತೀಯ. ನಿನ್ನ ಕೈ ನಡುಗಲ್ಲ. ಪೆನ್ನಲ್ಲೇ ಬರಿ."

ಹೊಗಳಿ ಅಟ್ಟಕ್ಕೇರಿಸಿ ಹೋದಳು. ನಾನೂ ಏರಿದೆ. ಸಾರಿಗೆ ಒಗ್ಗರಣೆ ಹಾಕುವುದನ್ನೂ ಬಿಟ್ಟು ಕೂತೆ. ಕೋಟೆ, ಕಾಡು, ಕೆರೆ ಒಂದು ಕಡೆ, ಸೇತುವೆ ಇನ್ನೊಂದು ಕಡೆ, ನಡುವೆ ಬೆಟ್ಟಸಾಲು. ಚುಕ್ಕಿ ಇಟ್ಟೆ. ಶಿಖರದ ಮೇಲೆ ಶಿಖರ ಎದ್ದಿತು. ನೆರಳಿನ ಗೀರುಗಳು ಎಷ್ಟು ಚೆಂದ ಬಂದವೆಂದರೆ ಕೈ ನಿಲ್ಲಲೇ ಇಲ್ಲ. ಪೂರ್ವ ಮುಗಿದ ಮೇಲೆ ದಕ್ಷಿಣಕ್ಕೆ ತಿರುಗಿದೆ, ಕಡಲತೀರದ ಮಗ್ಗುಲಲ್ಲೇ ಪಶ್ಚಿಮಕ್ಕೆ ಹೋದೆ, ಕಾಡನ್ನು ಬಳಸಿ ಉತ್ತರಕ್ಕೆ ಹತ್ತಿದೆ. ಮೈಮೇಲೆ ಎಚ್ಚರವಿರಲಿಲ್ಲ. ಕೊನೆಗೆ ಗೆರೆ ಎಲ್ಲಿಂದ ಹೊರಟಿತ್ತೋ ಅಲ್ಲಿಗೇ ಬಂದು ಸೇರಿತು. ಸೇರಿಸಿ, ಪೆನ್ನಿಗೆ ಮುಚ್ಚಳ ಹಾಕಿ ಎದ್ದೆ. ಒಂದು ಇರುವೆಗೂ ಸಂದಿ ಇರಲಿಲ್ಲ.

ಸಂಜೆ ಅವಳು ಬ್ಯಾಗು ಬಿಸಾಕಿ ಓಡಿ ಬಂದಳು. "ವಾವ್ ಅಜ್ಜಿ!" ಎಂದಳು. ಬಗ್ಗಿ ಒಂದು ಶಿಖರದ ಮೇಲೆ ಬೆರಳಿಟ್ಟು ಸಾಲಿನುದ್ದಕ್ಕೂ ಸರಿಸುತ್ತ ಹೋದಳು. ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ. ಬೆರಳು ಹೊರಟಲ್ಲಿಗೇ ಬಂತು. ಇನ್ನೊಂದು ಸುತ್ತು ಸರಿಸಿದಳು, ಈ ಸಲ ನಿಧಾನವಾಗಿ.

"ದಾರಿ ಎಲ್ಲಿ ಅಜ್ಜಿ?"

"ಯಾವ ದಾರಿ?"

"ಅಪ್ಪ ಬರೋ ದಾರಿ."

ಬೇಕೆಂದೇ ಮಾಡಿದ್ದಲ್ಲ, ದೇವರಾಣೆ. ಕೈಯ ಅಭ್ಯಾಸ ಅದು. ಹಾಗೆಂದು ಅವಳಿಗೆ ಹೇಳಿದೆ. ವೈಟ್‌ನರ್ ಹಚ್ಚಿ ಅಳಿಸೋಣವೆಂದೆ. ಅವಳು ತಲೆಯಾಡಿಸಿದಳು. "ಆಗಲ್ಲ. ಪೆನ್ನಲ್ಲಿ ಬರೆದ ಬೆಟ್ಟ ಅಳಿಸೋ ಹಾಗಿಲ್ಲ. ಅದು ಮೋಸ." ಅಳಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಮ್ಯಾಪನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಬೀರುವಿನ ಹಿಂದೆ ನಿಲ್ಲಿಸಿದಳು. ಆಮೇಲೆ ಅದನ್ನು ಬಿಚ್ಚಲೇ ಇಲ್ಲ. ಮಾತೂ ಮತ್ತೆ ಮೊದಲಿನಂತೆ ಹೂಂ, ಊಹೂಂ ಎಂಬುದಕ್ಕೆ ಇಳಿಯಿತು. ಮಧ್ಯಾಹ್ನ ಖಾಲಿ ನೆಲದ ಪಕ್ಕ ಚಾಪೆ ಹಾಸಿದರೆ ನನಗೂ ನಿದ್ದೆ ಹತ್ತುತ್ತಿರಲಿಲ್ಲ.

ಭಾನುವಾರ ಬಂತು. ತಿಂಡಿಯ ಹೊತ್ತಿಗೆ ಗೇಟಿನ ಬಳಿ ಬೈಕು ನಿಂತ ಸದ್ದಾಯಿತು. ಹುಡುಗಿ ನಡುಮನೆಯ ಕಿಟಕಿಯ ಬಳಿ ಕೂತಿದ್ದವಳು ಅಲ್ಲಾಡಲಿಲ್ಲ.

"ಅಪ್ಪ ಬಂದ್ರು, ಶೂ ಹಾಕ್ಕೋ" ಎಂದಳು ನನ್ನ ಮಗಳು.

"ನಾನು ಹೋಗಲ್ಲ. ಬೆಟ್ಟ ಮುಚ್ಚಿದೆ."

"ಏನು ಹಾಗಂದ್ರೆ?"

"ದಾರಿ ಇಲ್ಲ ಅಂದ್ರೆ ಇಲ್ಲ. ಅಪ್ಪ ಒಳಗೆ ಬರೋ ಹಾಗಿಲ್ಲ. ನಾನೂ ಆಚೆ ಹೋಗಲ್ಲ."

ಮಗಳು ನನ್ನ ಮುಖ ನೋಡಿದಳು. ನಾನು ಇಷ್ಟು ದಿನ ಬಯಸಿದ್ದು ಇದೇ ಅಲ್ಲವೇ? ಅವನು ಬರಬಾರದು, ಮಗು ಹೋಗಬಾರದು, ನಮ್ಮ ಮನೆ ನಮ್ಮದು. ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಆದರೆ ಕಿಟಕಿಯ ಕಂಬಿ ಹಿಡಿದು ಅಪ್ಪನನ್ನೇ ನೋಡುತ್ತ, ಅಪ್ಪ ಇತ್ತ ತಿರುಗಿದ ಕೂಡಲೇ ಪರದೆಯ ಹಿಂದೆ ಸರಿಯುವ ಆ ಹುಡುಗಿಯನ್ನು ಕಂಡು ನನಗೆ ಹೆದರಿಕೆಯಾಯಿತು. ನಾಳೆ ಇವಳು ನಮ್ಮೆಲ್ಲರ ಸುತ್ತಲೂ ಹೀಗೇ ಬೆಟ್ಟ ಎಬ್ಬಿಸಿಕೊಂಡು ಕೂತರೆ ಯಾರು ಒಡೆಯುವವರು?

"ನೀನೇ ಹೋಗಿ ಹೇಳು" ಎಂದಳು ಮಗಳು. "ನಂಗೆ ಹೇಳೋಕಾಗಲ್ಲ."

ಹೋದೆ. ಅವನು ಹೆಲ್ಮೆಟ್ ಕೈಯಲ್ಲಿ ಹಿಡಿದು ಎಂದಿನಂತೆ ರಂಗೋಲಿಯ ಬದಿಯಲ್ಲಿ ನಿಂತಿದ್ದ. ನನ್ನನ್ನು ಕಂಡು ಗಾಬರಿಯಾದ.

"ಹುಷಾರಿಲ್ವಾ ಅವಳಿಗೆ?"

"ಹುಷಾರಾಗಿದ್ದಾಳೆ. ಬೆಟ್ಟ ಮುಚ್ಚಿದೆಯಂತೆ. ದಾರಿ ಇಲ್ಲವಂತೆ."

ಹುಚ್ಚು ಮಾತೆಂದುಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ. "ಪೂರ್ವದ ಬೆಟ್ಟಾನಾ?"

"ನಿಮಗೆ ಹೇಗೆ ಗೊತ್ತು?"

"ಫೋನಲ್ಲಿ ಹೇಳಿದ್ಲು. ಪೂರ್ವದ ಬೆಟ್ಟ ಅಜ್ಜಿ ಕೈಲಿ ಬರೆಸ್ತೀನಿ, ಅಜ್ಜಿ ನಂಗಿಂತ ಚೆನ್ನಾಗಿ ಬರೀತಾರೆ, ನೀನು ಬರೋ ದಾರಿ ಅಲ್ಲೇ ಬರತ್ತೆ ಅಂತ."

ಆ ಮಗು ನನ್ನನ್ನು ಅಪ್ಪನ ಮುಂದೆ ಹೊಗಳಿಕೊಂಡಿತ್ತು. ಇಡೀ ದೇಶದಲ್ಲಿ ಆ ಒಂದು ದಾರಿಯನ್ನು ಬರೆಯಲು ನನ್ನನ್ನೇ ಆರಿಸಿತ್ತು. ನಾನು ತಿರುಗಿ ಒಳಗೆ ಹೋದೆ. ರಂಗೋಲಿಯ ಡಬ್ಬಿಯನ್ನೂ ಒಂದು ಚೊಂಬು ನೀರನ್ನೂ ಹಿಡಿದುಕೊಂಡು ಹೊರಗೆ ಬಂದು ಗೇಟನ್ನು ಅಗಲವಾಗಿ ತೆರೆದೆ.

"ಸ್ವಲ್ಪ ಹಿಂದೆ ಸರೀರಿ."

ಅವನ ಮುಖ ಕಪ್ಪಿಟ್ಟಿತು. ರಸ್ತೆಗೆ ಇಳಿದು ಹೆಲ್ಮೆಟ್ ಹಾಕಿಕೊಳ್ಳತೊಡಗಿದ. "ಸರಿ. ನಾನು ಬರ್ತೀನಿ ಹಾಗಾದ್ರೆ."

"ಎಲ್ಲಿಗೆ ಹೊರಟ್ರಿ? ನಿಲ್ಲಿ ಅಲ್ಲೇ! ನನಗೆ ಜಾಗ ಬೇಕು ಅಂದೆ ಅಷ್ಟೇ."

ಬೆಳಗಿನ ರಂಗೋಲಿಯ ಮೇಲೆ ನೀರು ಹಾಕಿ ಅಂಗೈಯಿಂದ ಒರೆಸಿದೆ. ನೆಲ ಸ್ವಲ್ಪ ಆರಲೆಂದು ಸೆರಗಿನಿಂದ ಬೀಸಿದೆ, ಅವನು ಬಿಟ್ಟ ಕಣ್ಣಿನಿಂದ ನೋಡುತ್ತಿದ್ದ. ಆಮೇಲೆ ಕೂತು, ಚುಕ್ಕಿಯೇ ಇಡದೆ, ಗೇಟಿನ ಎಡಗಡೆಯ ಕಂಬದಿಂದ ಗೆರೆ ಎಳೆದೆ. ಒಂದು ಶಿಖರ, ಅದರ ಪಕ್ಕ ಇನ್ನೊಂದು, ಹಿಂದೆ ಒಂದರ ತಲೆ ಮಾತ್ರ. ನೆರಳಿನ ಗೀರುಗಳನ್ನೂ ಎಳೆದೆ, ಈ ಸಲ ಎಡಗಡೆಗೆ, ಸಣ್ಣ ಸಣ್ಣದಾಗಿ. ಗೇಟಿನ ನಡುವಿಗೆ ಬಂದಾಗ ಕೈ ಎತ್ತಿದೆ. ಕೈ ಎತ್ತಿದರೂ ಬೆರಳ ಸಂದಿಯಿಂದ ಪುಡಿ ತಾನಾಗಿ ಮುಂದಕ್ಕೆ ಹರಿಯಲು ಹವಣಿಸಿತು, ಅಷ್ಟು ವರ್ಷದ ಅಭ್ಯಾಸ. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡೆ. ಒಬ್ಬ ಮನುಷ್ಯ ನಡೆದು ಬರುವಷ್ಟು ಜಾಗ ಬಿಟ್ಟು ಆಚೆಯಿಂದ ಮತ್ತೆ ಶುರು ಮಾಡಿ ಬಲಗಡೆಯ ಕಂಬ ಮುಟ್ಟಿಸಿದೆ. ಗೆರೆ ಸೇರಿಸದೆ ಎದ್ದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಹುಡುಗಿ ಯಾವಾಗ ಬಂದಳೋ, ಬರಿಗಾಲಿನಲ್ಲಿ ನನ್ನ ಬೆನ್ನ ಹಿಂದೆ ನಿಂತಿದ್ದಳು. ಬಾಗಿ ಕಂಬದಿಂದ ಕಂಬಕ್ಕೆ ಎಲ್ಲವನ್ನೂ ಪರೀಕ್ಷೆ ಮಾಡಿದಳು.

"ಅಜ್ಜಿ, ನೆರಳು ತಪ್ಪು. ಬೆಳಕು ಪೂರ್ವದಿಂದ ಬಂದಿದೆ."

"ತಪ್ಪಲ್ಲ ಪುಟ್ಟಿ. ಇಲ್ಲಿ ಬೆಳಿಗ್ಗೆ."

ಅವಳು ತಲೆಯೆತ್ತಿದಳು. ನಮ್ಮ ಗೇಟು ಪೂರ್ವಕ್ಕೇ ಇದೆ. ರಸ್ತೆಯಲ್ಲಿ ನಿಂತ ಅಪ್ಪನ ಹಿಂದಿನಿಂದ ಬಿಸಿಲು ಬರುತ್ತಿತ್ತು, ಅವನ ನೆರಳು ಉದ್ದಕ್ಕೆ ಬಿದ್ದು ನಾನು ಬಿಟ್ಟ ಸಂದಿಯ ಮೂಲಕ ಆಗಲೇ ಒಳಗೆ ಬಂದಿತ್ತು. ಅದನ್ನು ನೋಡಿ, ಯೋಚಿಸಿ, ಅವಳು ಒಪ್ಪಿಕೊಂಡಳು.

"ಅಪ್ಪ, ಇಲ್ಲಿಂದ ಬಾ. ಬೆಟ್ಟ ತುಳೀಬೇಡ."

ಅವನು ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದ. ನನ್ನ ಮಾತು ಎಂದಿಗಿಂತ ಒರಟಾಗಿ ಬಂತು.

"ಕರೀತಿದಾಳಲ್ಲ, ಬನ್ನಿ ಒಳಗೆ. ಡಿಕಾಕ್ಷನ್ ಇದೆ."

ಅವನು ರಸ್ತೆಯಲ್ಲೇ ಒಂದು ಮೊಣಕಾಲೂರಿ ಕೂತು ಶೂ ಲೇಸು ಬಿಚ್ಚತೊಡಗಿದ. ಗಂಟು ಬಿಗಿದುಕೊಂಡಿತ್ತು, ತುಂಬ ಹೊತ್ತು ಹಿಡಿಯಿತು. ಬಿಚ್ಚಿ, ತಲೆ ತಗ್ಗಿಸಿಕೊಂಡೇ ಕೇಳಿದ.

"ಅತ್ತೆ, ಶೂ ಇಲ್ಲೇ ಬಿಡ್ಲಾ?"

"ರಸ್ತೇಲಿ ಯಾಕ್ರೀ ಬಿಡ್ತೀರಿ, ನಾಯಿ ಎತ್ಕೊಂಡು ಹೋಗತ್ತೆ. ಬಾಗಿಲ ಹತ್ರ ಬಿಡಿ, ಮೊದಲು ಬಿಡ್ತಿದ್ರಲ್ಲ, ಅಲ್ಲೇ."

ಅವನು ಎರಡೂ ಶೂಗಳನ್ನು ಕೈಯಲ್ಲಿ ಎತ್ತಿಕೊಂಡು, ಸಾಕ್ಸಿನ ಕಾಲಿನಲ್ಲಿ, ಎರಡು ಬೆಟ್ಟಗಳ ನಡುವೆ ಜೋಪಾನವಾಗಿ ಹೆಜ್ಜೆಯಿಟ್ಟು ಬಂದ. ನಾನು ಹಾಲು ಕಾಯಲು ಇಡಲು ಒಳಗೆ ಹೋದೆ.